ಹುಸೇನಮ್ಮನ ಜಗ್ಗು ಪಟಾಕಿ

ಸಿಂಧನೂರಿನ ಕಾಲುವೆ ಕಡೆಯ ಓಣಿಯಲ್ಲಿ ಹುಸೇನಮ್ಮನ ಮನೆಗೆ ಮಧ್ಯಾಹ್ನ ಹೋದವರಿಗೆ ಒಂದು ಚೊಂಬು ನೀರು ತಂದುಕೊಡುವವರೂ ಇರುತ್ತಿರಲಿಲ್ಲ. ಉಂಡ ಗಂಗಾಳ ತೊಳೆದಿಟ್ಟ ಮೇಲೆ ನಳಕ್ಕೆ ನೀರು ಬರುವ ತನಕ, ಹತ್ತಿರಹತ್ತಿರ ಎರಡೂವರೆ ತಾಸು, ಪಡಸಾಲೆ ಅವಳದು. "ಒಳಗ ಗಡಿಗಿ ಐತಿ, ತುಂಬಿಕೊಂಡು ಕುಡೀರಿ. ನನ್ನ ಕೈ ಅಂಟಿನ ಗಂಜಿ ಆಗೇತಿ" ಎಂದು ತಲೆ ಎತ್ತದೆ ಹೇಳುತ್ತಿದ್ದಳು. ಗಂಡ ದುರುಗಪ್ಪ ತಡವಾಗಿ ಊಟಕ್ಕೆ ಬಂದವನು ಎರಡನೇ ಸಲ ಸಾರು ಕೇಳಿದರೂ ಇದೇ ಮಾತು.

ಆ ಎರಡೂವರೆ ತಾಸು ಅವಳಿಗೆ ಯಾರೂ ಕೊಟ್ಟದ್ದಲ್ಲ. ಕೋಳಿ ಕೂಗುವ ಮೊದಲೇ ಎದ್ದು ಎರಡು ಹೊತ್ತಿನ ರೊಟ್ಟಿ ಒಂದೇ ಸಲ ಬಡಿದು, ಸಂಜೆ ಒಗೆಯಬೇಕಾದ ಬಟ್ಟೆಯನ್ನು ಬೆಳಿಗ್ಗೆಯೇ ಒಗೆದು, ಅಕ್ಕಿ ಆರಿಸುವಾಗಲೇ ಸಣ್ಣ ಮಗಳಿಗೆ ತಲೆ ಬಾಚಿ, ಹೀಗೆ ಒಂದೊಂದು ಚೂರು ಹೊತ್ತನ್ನು ತನ್ನ ನಿದ್ದೆಯಿಂದಲೂ ನಡುನೋವಿಗೆ ಬೇಕಾದ ವಿಶ್ರಾಂತಿಯಿಂದಲೂ ಕತ್ತರಿಸಿ ತೆಗೆದು ಕೂಡಿಸಿಕೊಂಡದ್ದು. ಹಾಗೆ ಕೂಡಿಸಿದ್ದನ್ನು ಬಂದವರಿಗೆ ನೀರು ಕೊಟ್ಟು ಕಳೆಯುವ ಮನಸ್ಸು ಅವಳಿಗೆ ಇರಲಿಲ್ಲ.

ಆ ಹೊತ್ತಿನಲ್ಲಿ ಅವಳು ಜಗ್ಗು ಪಟಾಕಿ ಮಾಡುತ್ತಿದ್ದಳು. ಅಂಗೈಯಗಲದ ರಟ್ಟಿನ ಕೊಳವೆ, ಅದರ ಮೇಲೆ ಬಣ್ಣದ ಹಾಳೆ, ಎರಡೂ ತುದಿಗೆ ದಾರದ ಬಿಗಿತ. ಒಳಗೆ ಎರಡು ಉದ್ದನೆಯ ರಟ್ಟಿನ ಪಟ್ಟಿ ಒಂದರ ಮೇಲೊಂದು. ಒಂದಕ್ಕೆ ಕಡ್ಡಿಪೆಟ್ಟಿಗೆಯ ಬದಿಯ ಗೀರುಪಟ್ಟಿ, ಇನ್ನೊಂದಕ್ಕೆ ಕಡ್ಡಿಯ ತಲೆಯ ಮದ್ದು. ಇಬ್ಬರು ಎದುರಾಬದುರು ನಿಂತು ಒಂದೊಂದು ತುದಿ ಹಿಡಿದು ಜಗ್ಗಿದರೆ ಪಟ್ಟಿಗೆ ಪಟ್ಟಿ ಉಜ್ಜಿ ಚಟ್ಟನೆ ಸದ್ದಾಗಿ ಕೊಳವೆ ಹರಿಯುತ್ತದೆ. ಒಳಗಿದ್ದದ್ದು ಕೆಳಗೆ ಬೀಳುತ್ತದೆ. ಸೀಟಿ, ಗಾಜಿನ ಗೋಲಿ, ತಗಡಿನ ಉಂಗುರ, ಬೆರಳುದ್ದದ ಬಾಚಣಿಗೆ, ಒಮ್ಮೊಮ್ಮೆ ಬರೀ ಒಂದು ಹುಣಸೆ ಬೀಜ. "ಬೀಜ ಯಾಕ ಹಾಕೀಬೇ?" ಎಂದು ಯಾರಾದರೂ ಜಗಳಕ್ಕೆ ಬಂದರೆ, "ಎಲ್ಲಾದ್ರಾಗೂ ಉಂಗುರ ಇದ್ರ ಜಗ್ಗೋದ್ಯಾಕ? ಅಂಗಡ್ಯಾಗ ಉಂಗುರ ಸಿಗ್ತಾವ, ಹೋಗು" ಎನ್ನುತ್ತಿದ್ದಳು.

ಈ ವಿದ್ಯೆ ಅವಳಿಗೆ ಬಂದದ್ದು ಕಸ ಗುಡಿಸಿ. ಎಂಬತ್ತಮೂರರಲ್ಲಿ ದುರುಗಪ್ಪ ಲಿಂಗಸುಗೂರು ಕಡೆ ಹಟ್ಟಿಯ ಚಿನ್ನದ ಗಣಿಯಲ್ಲಿ ಕೂಲಿಗೆ ಇದ್ದಾಗ ಅವಳು ಒಬ್ಬ ಸಾಹೇಬರ ಬಂಗಲೆಯಲ್ಲಿ ಮುಸುರೆ ತಿಕ್ಕುತ್ತಿದ್ದಳು. ಕ್ರಿಸ್‌ಮಸ್ ಮರುದಿನ ಬೆಳಿಗ್ಗೆ ಹೋದರೆ ನಡುಮನೆಯ ತುಂಬ ಹರಿದ ಬಣ್ಣದ ಕೊಳವೆಗಳು. ಉಳಿದವರಿಗೆ ಅದು ಬರೀ ಕಸ. ಹುಸೇನಮ್ಮ ಅದರಲ್ಲಿ ನಾಲ್ಕನ್ನು ಸೆರಗಿಗೆ ಕಟ್ಟಿಕೊಂಡು ಬಂದು, ಮನೆಯಲ್ಲಿ ಪದರಪದರ ಬಿಡಿಸಿ ನೋಡಿದಳು. ಒಳಗೆ ಏನಿತ್ತೆಂದು ಸಾಹೇಬರ ಮಕ್ಕಳಿಗೆ ಗೊತ್ತು. ಹೇಗೆ ಇಟ್ಟಿದ್ದರೆಂದು ಅವಳಿಗೆ ಗೊತ್ತಾಯಿತು.

ಸಿಂಧನೂರಿಗೆ ಬಂದು ದುರುಗಪ್ಪ ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಹಿಡಿದ ಮೇಲೆ ಅವಳ ಕೈ ಪಳಗಿತು. ಕಾಲುವೆ ಕೆಳಗಿನ ಕ್ಯಾಂಪಿನಲ್ಲಿ ನೆಲೆಸಿದ್ದ ಆಂಧ್ರದವರು ಮಕ್ಕಳ ಹುಟ್ಟುಹಬ್ಬಕ್ಕೆ ಮೊದಲು ಒಯ್ದರು. ಆಮೇಲೆ ತೊಟ್ಟಿಲ ಶಾಸ್ತ್ರಕ್ಕೆ, ಜವಳಕ್ಕೆ ಎಂದು ಮಸ್ಕಿಯಿಂದಲೂ ಜನ ಬರತೊಡಗಿದರು. ಅವಳ ಮೂರು ಹೆಣ್ಣುಮಕ್ಕಳು ಶಾಲೆಯಿಂದ ಬಂದು ಹಾಳೆ ಕತ್ತರಿಸಿ ಕೊಡುತ್ತಿದ್ದವು. ಮೂರನೆಯದು ಹುಟ್ಟಿದಾಗ ಸೂಲಗಿತ್ತಿ ಏನೂ ಹೇಳದೆ ಕೈ ತೊಳೆದುಕೊಂಡು ಹೋಗಿದ್ದಳು. ದುರುಗಪ್ಪನಿಗೆ ಮಿಲ್ಲಿನವರು "ಇರಲಿ ಬಿಡಪ್ಪ" ಎಂದು ಬೆನ್ನು ತಟ್ಟಿದ್ದರು. ಗಂಡು ಹುಟ್ಟಿದ ಮನೆಯವರು ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದರು. ಹುಸೇನಮ್ಮ ಐದನೇ ದಿನ ಬಾಣಂತಿ ಹಾಸಿಗೆಯಿಂದ ಎದ್ದು ಡಬ್ಬಿಯಲ್ಲಿದ್ದ ಸಕ್ಕರೆಯನ್ನೆಲ್ಲ ಬುಟ್ಟಿಗೆ ಸುರುವಿ, ದೊಡ್ಡ ಮಗಳು ಗ್ಯಾನಮ್ಮನ ಕೈಯಲ್ಲಿ ಓಣಿಗೆ ಹಂಚಿಸಿದಳು. ಹದಿನೈದು ದಿನ ಮನೆಯಲ್ಲಿ ಸಪ್ಪೆ ಚಹಾ.

ತೊಂಬತ್ತನಾಲ್ಕರ ಮಾಘದಲ್ಲಿ, ದುರುಗಪ್ಪ ದುಡಿಯುತ್ತಿದ್ದ ಮಿಲ್ಲಿನ ಸಾಹುಕಾರ ಆದಪ್ಪನ ಹೆಂಡತಿ ಕನಕಮ್ಮ ಹೇಳಿ ಕಳಿಸಿದಳು. ಸಣ್ಣ ಸೊಸೆ ಅಂಬಮ್ಮನಿಗೆ ಐದು ತಿಂಗಳು, ಮನೆಯಲ್ಲಿ ಕುಬಸದ ಕಾರ್ಯ. ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಮುಚ್ಚಿದ ಎರಡು ಬಟ್ಟಲು ಮುಂದಿಟ್ಟು ಒಂದನ್ನು ತೆಗೆಸುವುದು ಆ ಮನೆಯ ಪದ್ಧತಿ. ಕಡುಬು ಬಂದರೆ ಗಂಡು, ಹೋಳಿಗೆ ಬಂದರೆ ಹೆಣ್ಣು.

"ದೊಡ್ಡಾಕಿ ಹೋಳಿಗಿ ತಗದ್ಲು, ಹೆಣ್ಣ ಹಡದ್ಲು," ಎಂದಳು ಕನಕಮ್ಮ, ಎಲೆಗೆ ಸುಣ್ಣ ಹಚ್ಚುತ್ತ. "ಈ ಸಲ ಬಟ್ಟಲು ಬ್ಯಾಡ. ನಿನ್ನ ಪಟಾಕಿ ಇಡೂನು. ಇಪ್ಪತ್ತೆರಡು ಮಾಡು. ಬಂದ ಹೆಣ್ಮಕ್ಕಳೂ ಜಗ್ತಾರ, ಚೆಂದ ಕಾಣ್ತೈತಿ."

"ಆಗ್ಲಿ ಅವ್ವಾರ. ಏನೇನು ಹಾಕ್ಲಿ?"

"ಗಂಡಿಗೆ ಬುಗುರಿ, ಹೆಣ್ಣಿಗೆ ಬಳಿ. ಒಂದಕ್ಕ ಮಾತ್ರ ಕೆಂಪು ದಾರ ಕಟ್ಟು. ಅದ್ರಾಗ ಬುಗುರಿ ಇರಬೇಕು. ಅಂಬಮ್ಮಗ ಅದನ್ನ ಕೊಡ್ತೀನಿ."

"ಮೊದಲ ಗೊತ್ತಿದ್ರ ಜಗ್ಗೂದ್ಯಾಕ್ರಿ? ಬುಗುರೀನ ಕೈಯಾಗ ಕೊಟ್ಟುಬಿಡ್ರಿ."

"ನಿನಗ ಮಾಡಂದಷ್ಟ ಮಾಡು ಬೇ. ಕೆಂಪು ದಾರ ಮರೀಬ್ಯಾಡ."

"ಕೆಂಪು ದಾರ ಕಟ್ತೀನ್ರಿ" ಎಂದು ಹುಸೇನಮ್ಮ ಎದ್ದು ಬಂದಳು.

ಬರುವಾಗ ಹಿತ್ತಲ ಬಾಗಿಲಲ್ಲಿ ಅಂಬಮ್ಮ ಕೂತಿದ್ದಳು. ಪಾಮನಕಲ್ಲೂರಿನ ಹುಡುಗಿ, ಇಪ್ಪತ್ತು ತುಂಬಿರಲಿಲ್ಲ. ಐದು ತಿಂಗಳ ಬಸುರಿ, ಮುಂದೆ ಒಂದು ಮೊರದ ತುಂಬ ಮೆಣಸಿನಕಾಯಿ, ತೊಟ್ಟು ಮುರಿಯುತ್ತಿದ್ದಳು. ಮೂಗು ಕೆಂಪಾಗಿತ್ತು. "ನನ್ನ ಪಟಾಕ್ಯಾಗ ಏನು ಹಾಕ್ತೀಬೇ ಯಕ್ಕ?" ಎಂದು ಮೆಲ್ಲಗೆ ಕೇಳಿದಳು. "ಬ್ಯಾರೇದು ಬಂದ್ರ ಏನು ಮಾಡ್ತಾರೋ ಅಂತ ನಿದ್ದಿ ಬರವಲ್ದು."

"ಏನು ಬಂದ್ರೂ ಅದು ನಿನ್ನ ಕೈಗೆ ಬಂದದ್ದು" ಎಂದಳು ಹುಸೇನಮ್ಮ. ಕೂತು ಅರ್ಧ ಮೊರ ಮೆಣಸಿನಕಾಯಿ ತಾನೇ ಮುರಿದುಕೊಟ್ಟು ಹೊರಟಳು.

ಬಳೆಗಾರ್ತಿ ಪೀರ್‌ಬೀ ಹತ್ತಿರ ಕೂಸಿನ ಕೈಯಳತೆಯ ಹಸಿರು ಬಳೆ ಹನ್ನೊಂದನ್ನು ಆರಿಸಿ ತಂದಳು. ಬಡಿಗೇರ ಹನ್ನೊಂದು ಸಣ್ಣ ಬುಗುರಿ ಕೆತ್ತಿಕೊಟ್ಟ. ನಾಲ್ಕು ಮಧ್ಯಾಹ್ನ ಕೆಲಸ. ಎಲ್ಲ ತುಂಬಿ, ಬಾಯಿ ಮುಚ್ಚಿ, ಇಪ್ಪತ್ತೆರಡನ್ನೂ ದೊಡ್ಡ ಮೊರಕ್ಕೆ ಹಾಕಿ, ಕಣ್ಣು ಮುಚ್ಚಿ ಕಲಸಿದಳು. ಆಮೇಲೆ ಕೆಂಪು ದಾರದ ಉಂಡೆ ತೆಗೆದು ಇಪ್ಪತ್ತೆರಡಕ್ಕೂ ಕಟ್ಟಿದಳು.

ಗ್ಯಾನಮ್ಮ ನೋಡುತ್ತ ನಿಂತಿದ್ದಳು. "ಯವ್ವಾ, ಒಂದಕ್ಕ ಅಂದಿದ್ರಲ್ಲ?"

"ನನಗ ಒಂದರ ಮ್ಯಾಲ ಅಷ್ಟು ಪ್ರೀತಿ ಇಲ್ಲ. ಗಂಟು ಬಿಗಿ."

ಕುಬಸದ ದಿನ ಪಾಮನಕಲ್ಲೂರಿನ ಹೆಂಗಸರು, ಮುಕ್ಕುಂದದ ಬೀಗರು, ಓಣಿಯವರು, ಎಲ್ಲ ಸೇರಿ ನಡುಮನೆ ತುಂಬಿತ್ತು. ಹೇಗೆ ಹಿಡಿದು ಜಗ್ಗಬೇಕೆಂದು ತೋರಿಸಲು ಹುಸೇನಮ್ಮ ಬಾಗಿಲ ಹತ್ತಿರ ಕೂತಿದ್ದಳು. ಪಟಾಕಿ ಜೋಡಿಸಿದ್ದ ತಾಟಿನ ಮೇಲಿನ ಅರಿವೆ ತೆಗೆದ ಕನಕಮ್ಮ ಅಲ್ಲೇ ನಿಂತುಬಿಟ್ಟಳು. ಆಮೇಲೆ ಆರತಿಗೆ ಎಣ್ಣೆ ತರುವವಳಂತೆ ಬಾಗಿಲಿಗೆ ಬಂದು ಹಲ್ಲು ಕಚ್ಚಿ ಕೇಳಿದಳು: "ಯಾವುದಬೇ?"

"ಎಲ್ಲಾಕ್ಕೂ ಕಟ್ಟೀನ್ರಿ."

"ಅದು ನನಗೂ ಕಾಣಾಕತ್ತೈತಿ. ಬುಗುರಿ ಯಾವುದ್ರಾಗ ಐತಿ ಹೇಳು."

"ಅರ್ಧದ್ರಾಗ ಅದಾವ್ರಿ. ಯಾವ ಅರ್ಧ ಅಂತ ನನಗೂ ಗೊತ್ತಿಲ್ಲ."

ಇಪ್ಪತ್ತು ಜನ ಬೀಗರು ನೋಡುತ್ತಿದ್ದರು. ಕನಕಮ್ಮ ನಗುಮುಖ ಮಾಡಿಕೊಂಡು ಒಳಗೆ ಹೋದಳು. ಅಂಬಮ್ಮ ತಾಟಿನಿಂದ ಒಂದನ್ನು ತೆಗೆದಳು. ಹಿರಿಯ ನೆಗೆಣ್ಣಿ ಇನ್ನೊಂದು ತುದಿ ಹಿಡಿದಳು. ಚಟ್ಟೆಂದು ಹರಿಯಿತು. ಹಸಿರು ಬಳೆಯೊಂದು ಬಿದ್ದು, ಗಿರ್ರನೆ ತಿರುಗಿ, ಅಂಬಮ್ಮನ ಪಾದದ ಹತ್ತಿರ ನಿಂತಿತು.

"ಇದು ತಪ್ಪಿ ಬಿದ್ದೈತಿ," ಎಂದಳು ಕನಕಮ್ಮ. "ಇನ್ನೊಂದು ತಗೋ."

ಅಂಬಮ್ಮ ಒಂದು ಗಳಿಗೆ ತಾಟು ನೋಡಿದಳು. ಆಮೇಲೆ ಬಗ್ಗಲು ಕಷ್ಟವಾದರೂ ಬಗ್ಗಿ ಬಳೆ ಎತ್ತಿಕೊಂಡು ಉಡಿಯ ಅಕ್ಕಿಯ ನಡುವೆ ಇಟ್ಟು ಸೆರಗು ಮುಚ್ಚಿದಳು. ಇನ್ನೊಂದನ್ನು ತೆಗೆಯಲಿಲ್ಲ.

ಮರುದಿನ ದುರುಗಪ್ಪ ಹೊತ್ತೇರುವ ಮೊದಲೇ ಮಿಲ್ಲಿನಿಂದ ತಿರುಗಿ ಬಂದ. ಮಿಲ್ಲಿನ ಗೇಟು ತೆರೆಯುವುದೂ ಮುಚ್ಚುವುದೂ ಸಾಹುಕಾರನ ಹೆಸರಿನಲ್ಲೇ ನಡೆದರೂ, ಯಾರಿಗೆ ತೆರೆಯಬೇಕೆಂಬುದು ಕನಕಮ್ಮನ ಅಡಿಗೆಮನೆಯಲ್ಲಿ ಗೊತ್ತಾಗುತ್ತಿತ್ತು.

"ಶುಕ್ರವಾರ ಆ ಹೆಣ್ಮಕ್ಕಳೆಲ್ಲ ಮತ್ತ ಕೂಡ್ತಾರಂತ," ಎಂದ ದುರುಗಪ್ಪ, ಹೊಸ್ತಿಲಲ್ಲೇ ಕುಕ್ಕರಿಸಿ. "ನೀ ಹೋಗಿ, ಆ ಬಳಿ ತಪ್ಪಿ ಬಿದ್ದದ್ದು, ಅಂಬಮ್ಮಗ ಬುಗುರಿ ಹಾಕಿದ್ದೆ ಅಂತ ಒಂದ ಮಾತು ಹೇಳಬೇಕಂತ. ಹೇಳಿದ್ರ ನನ್ನ ಒಳಗ ಬಿಡ್ತಾರ."

"ಇಲ್ಲಂದ್ರ?"

"ಇಲ್ಲಂದ್ರ ಏನು, ಮನ್ಯಾಗ ಕುಂಡ್ರೂದು. ಒಂದ ಮಾತು ಐತಿ ಬೇ. ನಾಲಿಗಿ ಏನು ಸವೀತೈತೇನು?"

ಹುಸೇನಮ್ಮ ರೊಟ್ಟಿ ತಿರುವಿ ಹಾಕಿದಳು. "ನೀನ ಹೇಳಿ ಬಾ, ನಿನ್ನ ನಾಲಿಗಿ ಗಟ್ಟಿ ಐತಿ."

"ನಾ ಏನು ಪಟಾಕಿ ಮಾಡೀನೇನು?"

"ಇಲ್ಲಲ್ಲ? ಮಾಡಿದಾಕಿ ನಾನು. ತಪ್ಪಿ ಬಿತ್ತೋ ಬೇಕಂತ ಹಾಕಿದ್ನೋ ಅಂತ ನನಗ ಗೊತ್ತು."

ಆದರೂ ಶುಕ್ರವಾರ ಹೋದಳು. ಹೋಗದಿದ್ದರೆ ಹೆದರಿದಳು ಎನ್ನುತ್ತಾರೆ ಎಂಬುದು ಅವಳ ಲೆಕ್ಕ. ಅದೇ ನಡುಮನೆ, ಅದೇ ಹೆಂಗಸರು. ಅಂಬಮ್ಮ ಗೋಡೆಗೆ ಒರಗಿ ನಿಂತಿದ್ದಳು. ಕುಂತುಕೋ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಹೇಳು ಹುಸೇನಿ," ಎಂದಳು ಕನಕಮ್ಮ. "ಆವತ್ತಿನದು ಏನಾತು ಅಂತ ಬೀಗರು ಕೇಳಾಕತ್ತಾರ."

"ಬಳಿ ನಾನ ಹಾಕೀನ್ರಿ ಅವ್ವಾರ. ಪೀರ್‌ಬೀ ಹತ್ರ ಕುಂತು, ಬೆಳಕಿಗೆ ಹಿಡದು ನೋಡಿ, ಬಿರುಕು ಇಲ್ಲದ್ದು ಆರಿಸಿ ತಂದು ಹಾಕೀನಿ. ತಪ್ಪಿ ಬಿದ್ದಿಲ್ಲ."

ಮೂಲೆಯಿಂದ ಮುಕ್ಕುಂದದ ಮುದುಕಿಯೊಬ್ಬಳು ಕೆಮ್ಮಿದಳು. ಕನಕಮ್ಮನ ದನಿ ಸಣ್ಣದಾಯಿತು. "ಗಂಡನ ಹೊಟ್ಟಿ ಮ್ಯಾಲ ಹೊಡೀಬ್ಯಾಡ. ತಪ್ಪಿ ಬಿತ್ತು ಅನ್ನು, ಸಾಕು."

"ನನ್ನ ಮನ್ಯಾಗ ಮೂರು ಅದಾವ್ರಿ," ಎಂದಳು ಹುಸೇನಮ್ಮ. "ಒಂದೂ ತಪ್ಪಿ ಬಿದ್ದಿಲ್ಲ. ಇವತ್ತು ಇಲ್ಲಿ ಹಂಗಂದ್ರ ಸಂಜೀಕ ಅವಕ್ಕ ಯಾವ ಮಾರೀಲಿ ರೊಟ್ಟಿ ಕೊಡ್ಲಿ?" ಎದ್ದು ಸೆರಗು ಸಿಕ್ಕಿಸಿಕೊಂಡಳು. ಹೋಗುವ ಮುಂಚೆ ಗೋಡೆಯ ಬದಿಗಿದ್ದ ಮಣೆ ತಂದು ಅಂಬಮ್ಮನ ಹಿಂದೆ ಇಟ್ಟಳು. "ಕುಂತಗೋ ತಂಗಿ, ಕಾಲು ಬಾತಾವ." ಅಂಬಮ್ಮ ಅತ್ತೆಯ ಮುಖ ನೋಡಲಿಲ್ಲ. ಕೂತಳು.

ದುರುಗಪ್ಪ ಮನೆಯಲ್ಲಿ ಕೂತ. ಮೂರನೇ ದಿನ ಮಧ್ಯಾಹ್ನ ಪಡಸಾಲೆಯಲ್ಲಿ ಬೀಡಿ ಹಚ್ಚಿದವನಿಗೆ, ಮದ್ದಿನ ಪಟ್ಟಿ ಒಣಗಿಸಿದ ಜಾಗ ಎಂದು ಹುಸೇನಮ್ಮ ಬೀಡಿ ಆರಿಸಿ ಕೈಗೆ ಸೌಟು ಕೊಟ್ಟಳು. ಗಂಜಿ ಕಾಯಿಸುವ ಕೆಲಸ.

"ಎಷ್ಟೊತ್ತು ತಿರುವಬೇಕು?"

"ಅಂಟು ಆಗೂ ತನಕ."

"ಅದು ಯಾವಾಗ ಆಗ್ತೈತಿ?"

"ನೀ ಕೇಳೂದು ಬಿಟ್ಟ ಮ್ಯಾಲ."

ಗಂಜಿ ತಳ ಹತ್ತಿತು. ಪಾತ್ರೆ ತಿಕ್ಕುವುದೂ ಅವನ ಪಾಲಿಗೇ ಬಂತು. ಮಸಿ ಕೈಯಲ್ಲಿ ಹೊರಗೆ ಬಂದು, "ದಿನಾ ಇಷ್ಟೆಲ್ಲ ಇರ್ತೈತೇನು?" ಎಂದು ಕೇಳಿದ. ಹನ್ನೊಂದು ವರ್ಷಕ್ಕೆ ಒಂದು ಸಲ ಕೇಳಿದ ಪ್ರಶ್ನೆಗೆ ಅಷ್ಟು ಬೇಗ ಉತ್ತರ ಕೊಡುವ ಅಗತ್ಯ ಹುಸೇನಮ್ಮನಿಗೆ ಕಾಣಲಿಲ್ಲ.

ಒಂಬತ್ತನೇ ದಿನ ಹಮಾಲರ ಮುಕಾದಮ ರಾಜೇಸಾಬ್ ಬಂದು, ಮಸ್ಕಿ ರಸ್ತೆಯ ಬೇರೆ ಮಿಲ್ಲಿನಲ್ಲಿ ದುರುಗಪ್ಪನಿಗೆ ಜಾಗ ಮಾಡಿಕೊಟ್ಟ. ದೂರದ ಹಾದಿ, ಬೆಳಿಗ್ಗೆ ಬೇಗ ಹೊರಡಬೇಕು. ಹೊರಡುವ ಮುಂಚೆ ಎರಡು ಕೊಡ ನೀರು ತಂದಿಡಬೇಕೆಂದು ಹುಸೇನಮ್ಮ ಹೇಳಿದಳು. ಓಣಿಯವರು ನೋಡುತ್ತಾರೆ ಎಂದು ಅವನು ಗೊಣಗಿದ. ನೋಡಲಿ ಎಂದಳು.

ಅಂಬಮ್ಮ ಹೆರಿಗೆಗೆ ತವರಿಗೆ ಹೋದಳು. ಜೂನಿನಲ್ಲಿ ಮಿರಗದ ಮಳೆ ಹಿಡಿದ ವಾರ ಪಾಮನಕಲ್ಲೂರಿನಿಂದ ಹುಸೇನಮ್ಮನಿಗೇ ಮೊದಲು ಸುದ್ದಿ ಬಂತು, ತೊಟ್ಟಿಲಿಗೆ ಮೂವತ್ತು ಜಗ್ಗು ಪಟಾಕಿ ಬೇಕು ಎಂಬ ಮಾತಿನ ಜೊತೆಗೆ. ಓಣಿಯೆಲ್ಲ ಕಿವಿ ನಿಮಿರಿಸಿತ್ತು. ಪೀರ್‌ಬೀ ಬಳೆಯ ಮಲಾರ ಇಳಿಸಿ, ಮಧ್ಯಾಹ್ನದ ಹೊತ್ತೆಂದು ಗೊತ್ತಿದ್ದೂ ಪಡಸಾಲೆಗೆ ಬಂದು ಕೂತಳು.

"ಏನು ಹುಟ್ಟೈತಿ ಬೇ?"

"ಕೂಸು."

"ಅದು ಗೊತ್ತೈತಿ. ಎಂಥಾ ಕೂಸು?"

"ಅಳೂ ಕೂಸು," ಎಂದಳು ಹುಸೇನಮ್ಮ. "ಬಂದದ್ದು ಬಂದೀ, ಸುಮ್ಮ ಕುಂಡ್ರಬ್ಯಾಡ. ಆ ತುದಿ ಹಿಡಿ, ನಾ ಗಂಟು ಹಾಕ್ತೀನಿ."