ಗೌಡರು ಕಾಯುತ್ತಿದ್ದ ಮಾತು

ಎದುರಿಗೆ ಕೂತವನ ಮಾತು ಮುಗಿದ ಮೇಲೂ ಗೌಡರು ಬಾಯಿ ಬಿಡುತ್ತಿರಲಿಲ್ಲ. ಸುಮ್ಮನೆ ನೋಡುತ್ತಿದ್ದರು. ಅವನು ಕೆಮ್ಮಿ, ಕೂತಲ್ಲೇ ಮಿಸುಕಾಡಿ, ಕೊನೆಗೆ ಹೇಳಬಾರದೆಂದುಕೊಂಡಿದ್ದನ್ನೂ ಹೇಳಿಬಿಡುತ್ತಿದ್ದ.

ಸಂಡೂರಿನ ಗಣಿಯೊಂದರ ಮುಖ್ಯಸ್ಥರಾಗಿದ್ದವರು ನಿವೃತ್ತರಾಗಿ ಹೊಸಪೇಟೆಯಲ್ಲಿದ್ದುಕೊಂಡು ನಮ್ಮಂಥ ಮ್ಯಾನೇಜರುಗಳನ್ನು ತಿದ್ದುತ್ತಿದ್ದರು. ನನಗೆ ಗಣಿಯ ಹೊಣೆ ಬರುವುದರಲ್ಲಿತ್ತು. ಹಾಳಾದ ಬಾಯಿ ನನ್ನದು. ಅದಕ್ಕೆ ಹೆದರಿ ಕೆಲಸಗಾರರು ಹತ್ತಿರ ಸುಳಿಯುತ್ತಿರಲಿಲ್ಲ. ಅದಕ್ಕೇ ಕಂಪನಿ ನನ್ನನ್ನು ಅವರ ಬಳಿ ಕಳಿಸಿತು. ಲ್ಯಾಪ್‌ಟಾಪ್ ಹೊತ್ತು ಠೀವಿಯಿಂದ ಹೋದೆ. ಅವರು ಕೇಳಿದ್ದೇನು? ನಿದ್ದೆ ಬರುತ್ತದೆಯೇ, ಬಿ.ಪಿ. ಎಷ್ಟಿದೆ, ಹೆಂಡತಿಯೊಡನೆ ಕೂತು ನಕ್ಕಿದ್ದು ಯಾವಾಗ! ನನಗೆ ಮೈಯೆಲ್ಲ ಉರಿದುಹೋಯಿತು.

“ಇದಕ್ಕೂ ಗಣಿಗೂ ಏನ್ ಸಂಬಂಧ ರೀ?” ಎಂದೆ.

“ಮನ್ಯಾಗ ಒಬ್ಬ, ಗಣ್ಯಾಗ ಒಬ್ಬ ಅಂತ ಇಬ್ರು ಇರೂದಿಲ್ರಿ. ಹೆಂಡ್ತಿ ಮಾತು ಕೇಳದವ ಕೆಲಸದಾಗ ಯಾರ ಮಾತು ಕೇಳ್ತಾನ?”

ಮುಂದಿನ ವಾರ ನಮ್ಮ ಮನೆಗೇ ಊಟಕ್ಕೆ ಬಂದರು. ನನ್ನವಳು ಏನೋ ಹೇಳಲು ಹೊರಟಳು, ನಾನು ಎಂದಿನಂತೆ ನಡುವೆ ಬಾಯಿ ಹಾಕಿದೆ. ಗೌಡರು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟರು. “ನೀವು ಹೇಳ್ರೆವ್ವಾ, ಪೂರಾ ಹೇಳ್ರಿ,” ಎಂದರು. ಅವಳು ಹೇಳುತ್ತಲೇ ಹೋದಳು. ಅದರಲ್ಲಿ ಅರ್ಧ ನನಗೆ ಗೊತ್ತೇ ಇರಲಿಲ್ಲ.

ಒಂದು ಸಂಜೆ ಬುಕ್ಕಸಾಗರದ ಹೊಳೆದಂಡೆಯಲ್ಲಿ ನಡೆಯುತ್ತಿದ್ದಾಗ ಅವರೇ ಬಾಯಿಬಿಟ್ಟರು.

“ನಾನೂ ನಿಮ್ಮಂಗ ಇದ್ದೆ. ಒಂದಿನ ಮುಂಜಾನಿ ಬಸ್ಯಾ ಅನ್ನೋ ಕೆಲಸಗಾರ ಬಾಗಲಾಗ ನಿಂತು, ‘ಸಾಹೇಬ್ರ, ಒಂದ್ ಮಾತು’ ಅಂದ. ‘ಆಮ್ಯಾಲ ಬಾರಲೇ’ ಅಂದೆ. ಮಧ್ಯಾಹ್ನ ಗುಡ್ಡ ಜರಿದು ಅವನ ಮ್ಯಾಲೆ ಬಿತ್ತು. ಗುಡ್ಡ ಬಿರುಕು ಬಿಟ್ಟೈತಿ ಅಂತ ಹೇಳಾಕ ಬಂದಿದ್ನೋ, ಮಗಳ ಮದುವಿಗೆ ರಜಾ ಕೇಳಾಕ ಬಂದಿದ್ನೋ, ಇವತ್ತಿಗೂ ಗೊತ್ತಿಲ್ರಿ.”

ಅಂದಿನಿಂದ ಅವರ ಮೌನ ಕಂಡರೆ ನನಗೆ ಭಯವಾಗುತ್ತಿತ್ತು. ನನ್ನ ಮಾತು ಮುಗಿದ ಮೇಲೆ ಅವರು ಕಾಯುತ್ತಿದ್ದುದು ನನ್ನೊಬ್ಬನ ಮಾತಿಗಲ್ಲ ಅನ್ನಿಸುತ್ತಿತ್ತು.

ಕೊನೆಯ ಸಲ ನೋಡಿದ್ದು ಆಸ್ಪತ್ರೆಯಲ್ಲಿ. “ಈಗ ಮಂದಿ ನನ್ನ ಹತ್ರ ಬಂದು ಎಲ್ಲಾ ಹೇಳ್ತಾರ್ರಿ, ಗೌಡ್ರ,” ಎಂದೆ. ಇದೊಂದು ಮಾತು ಅವರ ಕಿವಿಗೆ ಬೀಳಲಿ ಎಂದು ಎಷ್ಟು ಆಸೆಯಿತ್ತು ನನಗೆ! ಅವರು ನನ್ನತ್ತ ತಿರುಗಲೇ ಇಲ್ಲ. ಬಾಗಿಲನ್ನೇ ನೋಡುತ್ತಿದ್ದ ಅವರ ಮುಖ ಇದ್ದಕ್ಕಿದ್ದಂತೆ ಅರಳಿತು.

“ಬಾರಲೇ ಬಸ್ಯಾ, ಕುಂದ್ರು. ಪುರಸೊತ್ತೈತಿ, ಹೇಳು.”

ಬಾಗಿಲಲ್ಲಿ ಯಾರೂ ಇರಲಿಲ್ಲ. ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ನಾನು ಎದ್ದು ನಿಂತೆ.