ಆಟೋಪೈಲಟ್ ಬಿಟ್ಟ ನಂತರದ ಹದಿನಾಲ್ಕು ಸೆಕೆಂಡು

ಕೊರೊನಾ ಕಾಲ ಕಳೆದ ಎರಡನೆಯ ವರ್ಷ. ಇಪ್ಪತ್ತೆಂಟು ವರ್ಷ ಯುದ್ಧವಿಮಾನ ಹಾರಿಸಿ ನಿವೃತ್ತನಾದ ನನ್ನನ್ನು ಒಂದು ತರಬೇತಿ ಕೇಂದ್ರದವರು ಸಿಮ್ಯುಲೇಟರ್ ಬೋಧಕನಾಗಿ ಮತ್ತೆ ಕರೆಸಿಕೊಂಡಿದ್ದರು. ಕೇಂದ್ರದ ಹೆಸರನ್ನೂ ವಿಮಾನದ ಮಾದರಿಯನ್ನೂ ಇಲ್ಲಿ ಬರೆಯುವಂತಿಲ್ಲ. ಸಿಮ್ಯುಲೇಟರ್ ಎಂದರೆ ನೆಲದ ಮೇಲೆ ನಿಂತಿರುವ ನಕಲಿ ಕಾಕ್‌ಪಿಟ್. ಒಳಗೆ ಅಸಲಿ ವಿಮಾನದ್ದೇ ಸ್ಟಿಕ್ ಎಂಬ ಹಿಡಿಕೆ, ಅದೇ ಗುಂಡಿಗಳು; ಎದುರಿಗೆ ಆಕಾಶ ಮತ್ತು ನೆಲ ಕಾಣುವ ದೊಡ್ಡ ಪರದೆ. ಹೊರಗೆ ಕನ್ಸೋಲಿನ ಮುಂದೆ ಕೂತು, ಹೆಡ್‌ಫೋನ್ ಹಾಕಿಕೊಂಡು, ಎಂಜಿನ್ ಕೆಡಿಸುವುದು, ಮೋಡ ತರುವುದು, ಆಮೇಲೆ ಹುಡುಗರು ಹೇಗೆ ಹಾರಿಸಿದರೆಂದು ಅವರ ಕಡತದಲ್ಲಿ ಬರೆಯುವುದು ನನ್ನ ಕೆಲಸ.

ಆ ವರ್ಷ ತರಬೇತಿಗೆ ಬಂದ ತಂಡದಲ್ಲಿ ಅಫಜಲಪುರದ ಹುಡುಗಿಯೊಬ್ಬಳಿದ್ದಳು. ಫ್ಲೈಯಿಂಗ್ ಆಫೀಸರ್ ನೀಲಮ್ಮ, ವಯಸ್ಸು ಇಪ್ಪತ್ಮೂರು. ನಾನು ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದವನು. ನಮ್ಮ ಕಡೆಯವಳು ಎಂದು ಮೊದಲ ದಿನವೇ ಗೊತ್ತಾಗಿತ್ತು. ಪಕ್ಷಪಾತದ ಮಾತು ಬರಬಾರದೆಂದು ನಾನು ಅವಳೊಂದಿಗೆ ಒಮ್ಮೆಯೂ ಕನ್ನಡದಲ್ಲಿ ಮಾತಾಡಿರಲಿಲ್ಲ. ಅದು ಶಿಸ್ತು ಎಂದು ತಿಳಿದಿದ್ದೆ.

ಘಟನೆ ನಡೆದ ಅಭ್ಯಾಸ ಸರಳವಾದದ್ದು. ನೆಲದಿಂದ ಮೂರು ಸಾವಿರ ಅಡಿ ಎತ್ತರದಲ್ಲಿ, ಗಂಟೆಗೆ ಸುಮಾರು ಏಳುನೂರ ನಲವತ್ತು ಕಿಲೋಮೀಟರ್ ವೇಗದಲ್ಲಿ, ಆಟೋಪೈಲಟ್ ಹಾಕಿಕೊಂಡು ಹೋಗಬೇಕು. ಆಟೋಪೈಲಟ್ ಎತ್ತರವನ್ನು ತಾನೇ ಕಾಯುತ್ತದೆ. ನಿಗದಿತ ಜಾಗದಲ್ಲಿ ಸ್ಟಿಕ್ಕಿನಲ್ಲಿ ಕಿರುಬೆರಳಿನ ಬಳಿಯಿರುವ ಸಣ್ಣ ಲಿವರ್ ಒತ್ತಿ ಅದನ್ನು ಬಿಡಿಸಿ, ವಿಮಾನವನ್ನು ಕೈಗೆ ತೆಗೆದುಕೊಳ್ಳಬೇಕು. ಇಲ್ಲಿ ಟ್ರಿಮ್ ಎಂಬುದನ್ನು ಸ್ವಲ್ಪ ಹೇಳಬೇಕು. ವೇಗ ಬದಲಾದ ಹಾಗೆ ವಿಮಾನದ ಮೂಗು ಮೇಲಕ್ಕೋ ಕೆಳಕ್ಕೋ ಹೋಗಲು ನೋಡುತ್ತದೆ. ಪೈಲಟ್ ಅದನ್ನು ಸ್ಟಿಕ್ ಎಳೆದು ಹಿಡಿಯುತ್ತಲೇ ಇದ್ದರೆ ಕೈ ಸೋತುಹೋಗುತ್ತದೆ. ಆ ಭಾರ ಇಳಿಸಲು ಸ್ಟಿಕ್ಕಿನ ತಲೆಯ ಮೇಲೆ, ಹೆಬ್ಬೆರಳಿಗೆ ಸಿಗುವಂತೆ ಒಂದು ಗುಂಡಿ ಇರುತ್ತದೆ. ಮುಂದಕ್ಕೆ ಒತ್ತಿದರೆ ಮೂಗು ಕೆಳಗೆ, ಹಿಂದಕ್ಕೆ ಒತ್ತಿದರೆ ಮೇಲೆ. ನಮ್ಮ ವಿಮಾನದಲ್ಲಿ ಆಟೋಪೈಲಟ್ ಹಾಕಿದ ಮೇಲೆ ಈ ಗುಂಡಿ ಸತ್ತುಹೋಗುತ್ತದೆ, ಎಷ್ಟು ಒತ್ತಿದರೂ ಕೆಲಸ ಮಾಡುವುದಿಲ್ಲ. ಹಾಗೆಂದು ಕೈಪಿಡಿಯಲ್ಲಿ ಬರೆದಿತ್ತು. ನಾನೂ ವರ್ಷಗಟ್ಟಲೆ ಅದನ್ನೇ ಪಾಠ ಮಾಡಿದ್ದೆ.

ನೀಲಮ್ಮ ಆಟೋಪೈಲಟ್ ಬಿಡಿಸಿದಳು. ಮರುಕ್ಷಣ ವಿಮಾನ ಮೂಗು ಕುಕ್ಕಿತು. ಅವಳು ಗಾಬರಿಯಿಂದ ಸ್ಟಿಕ್ ಎಳೆದಳು. ವಿಮಾನ ಮೇಲಕ್ಕೆ ಚಿಮ್ಮಿ, ವೇಗ ಕಳೆದುಕೊಂಡು, ಮತ್ತೆ ಕೆಳಗೆ ತಿರುಗಿತು. ಲಿವರ್ ಒತ್ತಿದ ಹದಿನಾಲ್ಕನೆಯ ಸೆಕೆಂಡಿಗೆ ಪರದೆ ಕೆಂಪಾಯಿತು. ವಿಮಾನ ನೆಲಕ್ಕೆ ಬಡಿದಿತ್ತು. ನಾಲ್ಕು ದಿನ ಬಿಟ್ಟು ಅದೇ ಅಭ್ಯಾಸ ಮಾಡಿಸಿದೆ. ಮತ್ತೆ ಅದೇ ಆಯಿತು.

ನಾನು ಕಂಪ್ಯೂಟರಿನ ದಾಖಲೆ ತೆಗೆದು ನೋಡಿದೆ. ಕೊನೆಯಲ್ಲಿ ಟ್ರಿಮ್ ಬಹಳಷ್ಟು ಮೂಗು-ಕೆಳಗೆ ಇತ್ತು. ಗಾಬರಿಯಲ್ಲಿ ತಪ್ಪು ಕಡೆ ಒತ್ತಿದ್ದಾಳೆ ಎಂದುಕೊಂಡೆ. ಏನಾಯಿತೆಂದು ಕೇಳಿದಾಗ ಅವಳು ನೆಟ್ಟಗೆ ನಿಂತು, ಸ್ಟಿಕ್ ತಾನಾಗಿಯೇ ಎಳೆದಂತಾಯಿತು ಎಂದು ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿದಳು. ಅದು ಅಸಾಧ್ಯ ಎಂದೆ. ಅವಳು ಸೆಲ್ಯೂಟ್ ಹೊಡೆದು ಹೊರಟಳು. ಎರಡೂ ಸಲ ಅವಳ ಕಡತದಲ್ಲಿ ನಾನೇ ಬರೆದೆ: ಒತ್ತಡದಲ್ಲಿ ಗಾಬರಿಯಾಗುತ್ತಾಳೆ, ಟ್ರಿಮ್ ಬಳಕೆಯ ಅರಿವು ಸಾಲದು.

ಮೂರನೆಯ ಸಲವೂ ತಪ್ಪಿದರೆ ಯುದ್ಧವಿಮಾನದ ವಿಭಾಗದಿಂದ ತೆಗೆಯುವುದು ನಿಯಮ. ಮುಖ್ಯ ಬೋಧಕರಾದ ಬಕ್ಷಿ ಸಾಹೇಬರು ನಿಷ್ಠುರ ಮನುಷ್ಯ, ಆದರೆ ಅನ್ಯಾಯಗಾರರಲ್ಲ. ನಾಲ್ಕು ದಿನ ಮನೆಗೆ ಹೋಗಿ ಮನಸ್ಸು ಸರಿಮಾಡಿಕೊಂಡು ಬಾ ಎಂದು ಅವಳನ್ನು ಕಳಿಸಿದರು. ಜೇವರ್ಗಿಯಲ್ಲಿರುವ ನನ್ನ ಅಕ್ಕನಿಗೆ ಕಣ್ಣಿನ ಆಪರೇಷನ್ ಆಗಿದ್ದರಿಂದ ನಾನೂ ಅದೇ ವಾರ ರಜೆ ಹಾಕಿದ್ದೆ.

ಆಳಂದದಲ್ಲಿ ಕೆಲಸ ಮುಗಿಸಿ, ಅಫಜಲಪುರದ ಮೇಲೆ ಜೇವರ್ಗಿಗೆ ಹೋಗೋಣವೆಂದು ಬಸ್ ಸ್ಟ್ಯಾಂಡಿಗೆ ಬಂದೆ. ಬೆಳಗಿನ ಹತ್ತು ಗಂಟೆ. ತೊಗರಿ ಚೀಲದವರ ಗದ್ದಲದ ನಡುವೆ ಖಾಕಿ ಅಂಗಿಯ ಡ್ರೈವರ್ ಒಬ್ಬರು ನನ್ನ ಹತ್ತಿರ ಬಂದು ಕೈ ಮುಗಿದರು. ನೀಲಮ್ಮನ ತಂದೆ ಮಲ್ಲಣ್ಣ. ಮಗಳ ಮೊಬೈಲಿನಲ್ಲಿದ್ದ ತಂಡದ ಫೋಟೊದಲ್ಲಿ ನನ್ನನ್ನು ನೋಡಿದ್ದರಂತೆ. ಅವರ ಅಫಜಲಪುರದ ಗಾಡಿ ಬಿಡಲು ಇನ್ನೂ ಹದಿನೈದು ನಿಮಿಷ ಇತ್ತು. ಚಹಾ ಕುಡಿಸಿದರು. ಮಗಳು ಮನೆಗೆ ಬಂದು ಎರಡು ದಿನವಾಯಿತು, ಸರಿಯಾಗಿ ಊಟ ಮಾಡುತ್ತಿಲ್ಲ, ಸ್ಟಿಕ್ ಎಳೆದದ್ದನ್ನೇ ಹೇಳುತ್ತಾಳೆ ಎಂದರು. ನನ್ನಿಂದ ಏನೋ ಬೇಡಲಿದ್ದಾರೆ ಎಂದುಕೊಂಡು ನಾನು ಬಿಗಿಯಾದೆ. ಅವರು ಏನನ್ನೂ ಬೇಡಲಿಲ್ಲ. ಲೋಟ ಕೆಳಗಿಟ್ಟು ಹೇಳಿದರು:

"ಸರ, ನಿಮ್ ವಿಮಾನದ್ದು ನನಗೇನೂ ತಿಳಿಯಾಂಗಿಲ್ರಿ. ನಮ್ ಡಿಪೋದಾಗ ಗಾಡಿ ಎಡಕ್ಕ ಎಳಿಯಾಕತ್ತದ ಅಂತ ಡ್ರೈವರ್ ಬರದ್ ಕೊಟ್ಟನಂದ್ರ, ಮೆಕ್ಯಾನಿಕ್ ಮೊದ್ಲು ತಾನ ಒಂದ್ ರೌಂಡ್ ಹೊಡಕೊಂಡ್ ಬರ್ತಾನ್ರಿ. ಆಮ್ಯಾಗ ಡ್ರೈವರ್‌ನ ತಪ್ಪೋ ಗಾಡಿ ತಪ್ಪೋ ಅಂತಾನ. ನೀವು ಕುಂತು ನೋಡೀರೇನ್ರಿ?"

ನಾನು ನೋಡಿರಲಿಲ್ಲ. ಸಿಮ್ಯುಲೇಟರ್ ಪ್ರತಿ ತಿಂಗಳು ಪರೀಕ್ಷೆಯಾಗುತ್ತದೆ, ಪ್ರಮಾಣಪತ್ರ ಇದೆ ಎಂದೆ. ಮಲ್ಲಣ್ಣ ಹೌದ್ರಿ ಎಂದು ತಲೆಯಾಡಿಸಿ ಬಸ್ ಹತ್ತಿದರು. ಅಫಜಲಪುರದವರೆಗೆ ಅವರ ಹಿಂದಿನ ಸೀಟಿನಲ್ಲೇ ಕೂತು ಬಂದೆ. ಅವರು ಮತ್ತೆ ಆ ಮಾತು ತೆಗೆಯಲಿಲ್ಲ. ನನಗೆ ಮಾತ್ರ ದಾರಿಯುದ್ದಕ್ಕೂ ಕಿರಿಕಿರಿಯಾಗುತ್ತಿತ್ತು.

ಅಫಜಲಪುರದಲ್ಲಿ ಊಟ ಮಾಡದೆ ಹೋಗಕೂಡದೆಂದು ಪಟ್ಟು ಹಿಡಿದರು. ಫೋನ್ ಮಾಡಿದ ಹತ್ತು ನಿಮಿಷಕ್ಕೆ ನೀಲಮ್ಮ ತಂದೆಯ ಹಳೆಯ ಮೋಟರ್ ಸೈಕಲ್ ತಂದಳು. ನನ್ನನ್ನು ಕಂಡು ಮುಖ ಬಿಳಿಚಿತು, ಆದರೂ ಹಿಂದೆ ಕೂರಿಸಿಕೊಂಡು ಹೊರಟಳು. ಸಂತೆಯ ಜನ, ದನ, ಟ್ರ್ಯಾಕ್ಟರು; ನಿಧಾನವಾಗಿ ನುಸುಳಿಕೊಂಡು ಹೋಗಬೇಕಿತ್ತು. ಯಾವ ಕ್ಷಣದಲ್ಲಾದರೂ ಬ್ರೇಕ್ ಹಿಡಿಯಬೇಕಾಗಬಹುದೆಂದು ಅವಳು ಬಲಗೈಯ ಬೆರಳುಗಳನ್ನು ಬ್ರೇಕಿನ ಲಿವರ್ ಮೇಲೆ ಚಾಚಿಕೊಂಡಿದ್ದಳು. ದೊಡ್ಡ ಗಾಡಿ, ಚಿಕ್ಕ ಕೈ. ಬೆರಳು ಲಿವರಿಗೆ ಎಟುಕಬೇಕಾದರೆ ಅಂಗೈ ಹೊರಳುತ್ತಿತ್ತು. ಅಂಗೈ ಹೊರಳಿದಾಗ ಹೆಬ್ಬೆರಳು ಹ್ಯಾಂಡಲನ್ನು ಬಿಟ್ಟು ಮೇಲಿನ ಸ್ವಿಚ್ಚಿನ ಮೇಲೆ ಹೋಗಿ ಕೂರುತ್ತಿತ್ತು. ಕೂತದ್ದಷ್ಟೇ ಅಲ್ಲ, ಮುಂದಕ್ಕೆ ಒತ್ತಿಕೊಂಡಿತ್ತು.

ಅವಳ ಭುಜದ ಮೇಲಿಂದ ಅದನ್ನೇ ನೋಡುತ್ತ ಕೂತೆ. ಮನೆ ಮುಟ್ಟಿದ ಕೂಡಲೇ, ಇಳಿಯುವುದಕ್ಕೂ ಮೊದಲು, ಮೊದಲ ಸಲ ಕನ್ನಡದಲ್ಲಿ ಕೇಳಿದೆ: "ತಂಗಿ, ಅವತ್ತು ಆಟೋಪೈಲಟ್ ಬಿಡಿಸೋ ಮುಂದ ನಿನ್ನ ಕೈಯಾಗ ಏನಾಯ್ತು, ಸಾವಕಾಶ ಹೇಳು."

ಅವಳು ಗಾಡಿ ಆಫ್ ಮಾಡಿದಳು. ಆಮೇಲೆ ಮಾತು ತಾನಾಗಿ ಬಂತು. "ಸರ, ಜಾಗ ಬರಾಕ ಎರಡ್ ನಿಮಿಷ ಮುಂಚೇನ ನಾ ಕಿರುಬೆರಳು ಲಿವರ್ ಮ್ಯಾಲ ಇಟ್ಟಿರ್ತೇನ್ರಿ, ತಡ ಆಗಬಾರ್ದಂತ. ವಿಮಾನ ನೆಟ್ಟಗ ಹೊಂಟಿರ್ತದ. ಲಿವರ್ ಒತ್ತಿದ್ ಕೂಡ್ಲೆ ಯಾರೋ ಸ್ಟಿಕ್ ಕಸ್ಗೊಂಡಂಗ ಆಗ್ತದ್ರಿ. ನಾ ಟ್ರಿಮ್ ಮುಟ್ಟಿಲ್ರಿ ಸರ. ಖರೇ ಹೇಳ್ತೇನಿ."

ಮೋಟರ್ ಸೈಕಲ್ ಮೇಲಿನ ಹಾಗೆಯೇ ಅಲ್ಲೂ ಹೆಬ್ಬೆರಳಿನಿಂದ ಗುಂಡಿ ಮುಟ್ಟಿದ್ದಳು, ಅವಳಿಗೆ ಗೊತ್ತಿರಲಿಲ್ಲ. ಮುಟ್ಟಿದರೂ ಏನೂ ಆಗಬಾರದಿತ್ತು. ಗುಂಡಿ ಆ ಹೊತ್ತಿನಲ್ಲಿ ಸತ್ತಿರಬೇಕು. ಸತ್ತಿರದಿದ್ದರೆ?

ಊಟದ ರುಚಿ ನನಗೆ ತಿಳಿಯಲಿಲ್ಲ. ಜೇವರ್ಗಿ ತಲುಪಿ, ಅಕ್ಕನ ಮನೆಯ ಅಂಗಳದಲ್ಲಿ ನಿಂತು ಕೇಂದ್ರದ ತಂತ್ರಜ್ಞ ಜೋಸೆಫನಿಗೆ ಫೋನ್ ಮಾಡಿದೆ. ನೀಲಮ್ಮನ ಎರಡೂ ಅಭ್ಯಾಸಗಳ ದಾಖಲೆ ತೆಗೆದು, ಟ್ರಿಮ್‌ನ ಗೆರೆ ಯಾವ ಹೊತ್ತಿಗೆ ಜರುಗಲು ಶುರುವಾಯಿತೆಂದು ನೋಡಲು ಹೇಳಿದೆ. ನಾನು ಗೆರೆಯ ಕೊನೆಯನ್ನು ಮಾತ್ರ ನೋಡಿದ್ದೆ, ಆರಂಭವನ್ನು ನೋಡಿರಲಿಲ್ಲ. ಅರ್ಧ ಗಂಟೆ ಫೋನ್ ಬರಲಿಲ್ಲ. ಅಕ್ಕ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಯಾಕೆ ಅಂಗಳದಲ್ಲೇ ಸುತ್ತುತ್ತೀ ಎಂದು ಒಳಗಿಂದ ಕೇಳುತ್ತಿದ್ದಳು.

ಜೋಸೆಫ್ ಫೋನ್ ಮಾಡಿದಾಗ ಅವನ ದನಿ ಸಣ್ಣದಾಗಿತ್ತು. ಎರಡೂ ಸಲ ಆಟೋಪೈಲಟ್ ಬಿಡಿಸುವ ಸುಮಾರು ಎರಡು ನಿಮಿಷ ಮುಂಚೆಯೇ ಟ್ರಿಮ್ ಜರುಗತೊಡಗಿತ್ತು. ಅಂದರೆ ಅವಳ ಹೆಬ್ಬೆರಳು ಮೂಗನ್ನು ಕೆಳಗೆ ತಳ್ಳುತ್ತಿತ್ತು, ಆಟೋಪೈಲಟ್ ಅವಳಿಗೆ ಗೊತ್ತಾಗದಂತೆ ಅದನ್ನು ಎಳೆದು ಹಿಡಿದಿತ್ತು. ಅದು ಕೈಬಿಟ್ಟ ಕ್ಷಣ ಕೂಡಿಟ್ಟ ಭಾರವೆಲ್ಲ ಒಮ್ಮೆಲೇ ಅವಳ ಕೈಗೆ ಬಂದಿತ್ತು. ಈ ತಂಡ ಬರುವ ಮುಂಚೆ ಸಿಮ್ಯುಲೇಟರಿನ ಸಾಫ್ಟ್‌ವೇರ್ ಬದಲಾಯಿಸಿದ್ದರು, ಆಗ ಗುಂಡಿಯನ್ನು ಸಾಯಿಸುವ ಆಜ್ಞೆ ಬಿಟ್ಟುಹೋಗಿರಬಹುದು ಎಂದ ಜೋಸೆಫ್.

ರಜೆ ಮೊಟಕು ಮಾಡಿ ಹೊರಟೆ. ಬಕ್ಷಿ ಸಾಹೇಬರು ಗ್ರಾಫ್ ನೋಡಿ, ಕಾಗದ ಬೇಡ, ಮಾಡಿ ತೋರಿಸು ಎಂದರು. ನಾನು ಕಾಕ್‌ಪಿಟ್ಟಿನಲ್ಲಿ ಕೂತೆ, ಅವರು ಕನ್ಸೋಲಿನಲ್ಲಿ. ಮೊದಲ ಸಲ ಏನೂ ಆಗಲಿಲ್ಲ. ವಿಮಾನ ಬೆಣ್ಣೆಯಂತೆ ಕೈಗೆ ಬಂತು. ಹೆಡ್‌ಫೋನಿನಲ್ಲಿ ಇನ್ನೊಮ್ಮೆ ಎಂಬ ಅವರ ದನಿ ಕೇಳಿಸಿತು. ಇಷ್ಟು ವರ್ಷದ ಅಭ್ಯಾಸದಿಂದ ನನ್ನ ಹೆಬ್ಬೆರಳು ತಾನಾಗಿಯೇ ಬದಿಗೆ ಸರಿದಿತ್ತು. ಎರಡನೆಯ ಸಲ, ಚಿಕ್ಕ ಕೈಯವರು ಹಿಡಿಯುವ ಹಾಗೆ ಅಂಗೈ ಹೊರಳಿಸಿ, ಬೆರಳನ್ನು ಗುಂಡಿಯ ಮೇಲೆ ಬಿಟ್ಟೆ. ಎರಡು ನಿಮಿಷ ಎಣಿಸಿ ಲಿವರ್ ಒತ್ತಿದೆ.

ಪರದೆಯ ತುಂಬ ನೆಲ. ಸ್ಟಿಕ್ ಕಲ್ಲಿನಂತಿತ್ತು. ಎರಡೂ ಕೈಯಿಂದ ಹಿಡಿದು ನಿಲ್ಲಿಸುವಷ್ಟರಲ್ಲಿ ಸಾವಿರದ ಒಂಬೈನೂರು ಅಡಿ ಇಳಿದುಹೋಗಿದ್ದೆ. ಹೊರಗೆ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು.

ಮೂರನೆಯ ಪರೀಕ್ಷೆ ರದ್ದಾಗುತ್ತದೆ ಎಂದುಕೊಂಡಿದ್ದೆ. ಬಕ್ಷಿ ಸಾಹೇಬರು ಒಪ್ಪಲಿಲ್ಲ. ಮೊದಲೆರಡು ಸಲದ್ದು ಲೆಕ್ಕಕ್ಕಿಲ್ಲ ಎಂದರು. ಆದರೆ ಆಕಾಶದಲ್ಲೂ ಟ್ರಿಮ್ ಕೆಡಬಹುದು, ಕೆಟ್ಟಾಗ ಅವಳು ಏನು ಮಾಡುತ್ತಾಳೆಂದು ತಾವು ನೋಡಬೇಕು ಎಂದರು. ಏನು ತಪ್ಪಾಗಿತ್ತೆಂದು ಅವಳಿಗೆ ಪೂರ್ತಿ ಹೇಳಬಹುದು; ಪರೀಕ್ಷೆಯಲ್ಲಿ ಯಾವಾಗ ಕೆಡಿಸುತ್ತೇವೆಂದು ಮಾತ್ರ ಹೇಳಬಾರದು. ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಅವರ ಮಾತು ಸರಿಯಾಗಿತ್ತು.

ರಜೆ ಮುಗಿಸಿ ಬಂದ ನೀಲಮ್ಮನಿಗೆ ಎರಡು ದಿನ ಪಾಠ ಮಾಡಿದೆ. ಹೆಬ್ಬೆರಳು ಬದಿಗಿಡುವುದು, ಆಟೋಪೈಲಟ್ ಬಿಡಿಸುವ ಮುಂಚೆ ಟ್ರಿಮ್‌ನ ಅಳತೆ ತೋರಿಸುವ ಮುಳ್ಳು ನೋಡುವುದು, ಮೂಗು ಕುಕ್ಕಿದರೆ ಜಗ್ಗದೆ ಗಟ್ಟಿಯಾಗಿ ಹಿಡಿಯುವುದು, ಎಂಜಿನ್ನಿನ ಬಲ ತಗ್ಗಿಸುವುದು, ಟ್ರಿಮ್ ಸ್ವಲ್ಪಸ್ವಲ್ಪವಾಗಿ ಹಿಂದಕ್ಕೆ ತರುವುದು. ಹಗ್ಗ ಜಗ್ಗುವ ಎತ್ತನ್ನು ಹಿಡಿಯುವ ಹಾಗೆ, ಎಂದು ನಮ್ಮ ಭಾಷೆಯಲ್ಲಿ ಹೇಳಿದಾಗ ಅವಳಿಗೆ ತಟ್ಟನೆ ತಿಳಿಯಿತು.

ಗುರುವಾರ ಬೆಳಿಗ್ಗೆ ಅವಳು ಒಳಗೆ ಕೂತಳು. ಬಕ್ಷಿ ಸಾಹೇಬರು ನನ್ನ ಪಕ್ಕದಲ್ಲಿ ನಿಂತರು. ಜಾಗ ಬಂತು. ಅವಳು ಮುಳ್ಳು ನೋಡಿದಳು, ನೆಟ್ಟಗಿತ್ತು, ಲಿವರ್ ಒತ್ತಿದಳು. ವಿಮಾನ ಸುಮ್ಮನೆ ಕೈಗೆ ಬಂತು. ಅವಳ ಉಸಿರು ಸಡಿಲಾದದ್ದು ಹೆಡ್‌ಫೋನಿನಲ್ಲಿ ಕೇಳಿಸಿತು. ಆಗ ಬಕ್ಷಿ ಸಾಹೇಬರು ನನ್ನ ಭುಜ ಮುಟ್ಟಿದರು. ನಾನು ಕನ್ಸೋಲಿನಿಂದ ಟ್ರಿಮನ್ನು ಪೂರ್ತಿ ಕೆಳಕ್ಕೆ ಓಡಿಸಿದೆ.

ಮೂಗು ಬಿತ್ತು. ಎರಡು ಸಾವಿರದ ಎಂಟುನೂರು. ಎರಡು ಸಾವಿರದ ಇನ್ನೂರು. ನನ್ನ ಕೈಯೇ ಕಾಣದ ಸ್ಟಿಕ್ಕನ್ನು ಎಳೆಯುತ್ತಿತ್ತು. ಅವಳು ಜಗ್ಗಲಿಲ್ಲ. ಸಾವಿರದ ಆರುನೂರಕ್ಕೆ ಎಂಜಿನ್ನಿನ ದನಿ ಇಳಿಯಿತು. ಮೈಕ್ ತೆರೆದಿರುವುದು ಮರೆತು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು: "ಹಿಡಿ. ಬಿಡಬ್ಯಾಡ. ಮೆತ್ತಗ, ಮೆತ್ತಗ."

ಸಾವಿರದ ನೂರು ಅಡಿಯಲ್ಲಿ ಮೂಗು ದಿಗಂತಕ್ಕೆ ಬಂದು ನಿಂತಿತು. ನಿಧಾನವಾಗಿ ಮೇಲೇರಿತು. ಬಕ್ಷಿ ಸಾಹೇಬರು, ಆ ಭಾಷೆಯಲ್ಲಿ ಏನು ಹೇಳಿದಳು ಎಂದು ಕೇಳಿದರು. ಹೇಳಿದೆ. ಅವರು ಪಾಸ್ ಎಂದು ಬರೆದು ಹೊರಟುಹೋದರು.

ಸಿಮ್ಯುಲೇಟರ್ ತಯಾರಕರ ಎಂಜಿನಿಯರುಗಳು ಬಂದು ತಪ್ಪನ್ನು ಒಪ್ಪಿ ಸರಿಪಡಿಸಿದರು. ನೀಲಮ್ಮನ ಕಡತ ತರಿಸಿಕೊಂಡು ನನ್ನ ಎರಡೂ ಟಿಪ್ಪಣಿಗಳ ಮೇಲೆ ಗೆರೆ ಎಳೆದೆ. ಬೋಧಕನು ದಾಖಲೆಯನ್ನು ಅರ್ಧ ಮಾತ್ರ ಓದಿದ್ದನು ಎಂದು ಪಕ್ಕದಲ್ಲಿ ಬರೆದು ಸಹಿ ಹಾಕಿದೆ. ಆ ಸಾಲು ಬರೆಯುವಾಗ ಪೆನ್ನು ಭಾರವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅವಳು ಈಗ ಅಸಲಿ ವಿಮಾನ ಹಾರಿಸುತ್ತಾಳೆ.

ಅಲ್ಲಿ ಇನ್ನೂ ಎರಡು ವರ್ಷ ಕೆಲಸ ಮಾಡಿದೆ. ಮರುವರ್ಷದ ತಂಡದಲ್ಲಿ ಒಬ್ಬ, ಎಡಗಾಲಿನ ಪೆಡಲ್ ಬಿಗಿಯಾಗಿದೆ ಎಂದ. ನಾನು ಹೆಡ್‌ಫೋನ್ ತೆಗೆದಿಟ್ಟು, ಅವನನ್ನು ಇಳಿಸಿ, ಅವನ ಸೀಟಿನಲ್ಲಿ ಅವನು ಕೂತ ಹಾಗೆಯೇ ಕೂತು ಇಪ್ಪತ್ತು ನಿಮಿಷ ಹಾರಿಸಿದೆ. ಪೆಡಲಿಗೆ ಏನೂ ಆಗಿರಲಿಲ್ಲ, ಅವನು ಸೀಟನ್ನು ತೀರಾ ಹಿಂದೆ ಸರಿಸಿಕೊಂಡಿದ್ದ. ಹೊರಗೆ ಬಂದು ಹಾಗೆಂದು ಹೇಳಿದೆ. ಸಮಯ ಹಾಳು ಮಾಡಿದೆ, ಕ್ಷಮಿಸಿ ಎಂದ. ಹಾಳಾಗಿಲ್ಲ, ನಾಳೆಯೂ ಏನಾದರೂ ಅನಿಸಿದರೆ ಹೇಳು ಎಂದೆ. ಅವನು ಮರುದಿನವೂ ಹೇಳಿದ. ನಾನು ಮತ್ತೆ ಹತ್ತಿ ಕೂತೆ.