ಕಹಳೆಯವನ ಸಾಲು

ನಾನು ಯಂತ್ರ ನಡೆಸುತ್ತಿದ್ದ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವನಿಗೆ ನಾವಿಟ್ಟ ಹೆಸರು ತಲೆಕೆಳಗು. ಸೀಸದ ಅಕ್ಷರಗಳನ್ನು ತಲೆಕೆಳಗಾಗಿ ಓದಿ ಓದಿ, ನೆಟ್ಟಗಿರುವುದನ್ನು ಓದುವಾಗ ತಡವರಿಸುತ್ತಿದ್ದ. ಈಗಷ್ಟೇ ಜೋಡಿಸಿದ್ದು ಮದುವೆಯ ಕರೆಯೋಲೆಯೋ ಸಾವಿನ ಸುದ್ದಿಯೋ ಎಂದು ಕೇಳಿದರೆ ಮಿಕಮಿಕ ನೋಡುವನು. ಅವನ ಕಣ್ಣಿಗೆ ಅಕ್ಷರ ಬೀಳುತ್ತಿತ್ತು, ಅರ್ಥ ಬೀಳುತ್ತಿರಲಿಲ್ಲ. ನಾವು ನಕ್ಕಿದ್ದೇ ನಕ್ಕಿದ್ದು.

ಅವನ ಅಣ್ಣ ಕಾಲ್ದಳದ ಡಿವಿಷನ್ನಿನಲ್ಲಿ ಕಹಳೆ ಊದುತ್ತಿದ್ದ. ಅವನ ತುಕಡಿಗೆ ಇದ್ದ ಕಹಳೆಯವನು ಅವನೊಬ್ಬನೇ. ಯುದ್ಧ ಮುಗಿದಾಗ ಮನೆಗೆ ಬಂದದ್ದು 'ಕಾಣೆಯಾಗಿದ್ದಾರೆ' ಎಂಬ ಕಾಗದ. ಅತ್ತಿಗೆ ಹತ್ತೊಂಬತ್ತು ವರ್ಷ ದಾರಿ ಕಾದೇ ಕಾದಳು. ಬಾಗಿಲು ಸದ್ದಾದರೆ ಸಾಕು, ಒಲೆಯ ಮೇಲಿನದನ್ನು ಬಿಟ್ಟು ಓಡುವಳು. ಡಿವಿಷನ್ನಿನ ಯುದ್ಧಚರಿತ್ರೆ ನಮ್ಮಲ್ಲಿ ಅಚ್ಚಾಗುತ್ತದೆಂದು ತಿಳಿದದ್ದೇ ತಡ, ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವ ಕೆಲಸಕ್ಕೆ ಬಂದು ಸೇರಿದಳು. ಗಂಡನ ಗತಿ ಏನಾಯಿತೆಂದು ಅದರಲ್ಲಿ ಎಲ್ಲಾದರೂ ಇದ್ದೀತು ಎಂಬ ಒಂದೇ ಆಸೆ.

ಅವಳು ಓದಬೇಕು, ಮೈದುನ ಕರಡಚ್ಚಿನ ಮೇಲೆ ಬೆರಳಿಟ್ಟು ತಾಳೆ ನೋಡಬೇಕು. ವಿರಾಮಚಿಹ್ನೆಗಳನ್ನೂ ಬಾಯಿಬಿಟ್ಟು ಹೇಳುವುದು ನಮ್ಮ ಕ್ರಮ. ನೂರ ಹನ್ನೆರಡನೇ ಪುಟ ಬಂತು.

"ಸೇತುವೆ ಬಿಟ್ಟು ಓಡಿದ ಕಹಳೆಯವನನ್ನು ಅಲ್ಲೇ ಎಲ್ಲರೆದುರು ನಿಲ್ಲಿಸಿ ಗುಂಡಿಕ್ಕಲಾಯಿತು, ಪೂರ್ಣವಿರಾಮ."

ಬೆರಳು ನಿಂತಿತು. ಇದು ಅಣ್ಣನಿದ್ದ ತುಕಡಿಯದೇ ಅಧ್ಯಾಯ.

"ಇದನ್ನ ಜೋಡಿಸಿದ್ದು ನೀನೇ ಅಲ್ವೇನೋ?"

"ನಾನೇ ಅತ್ತಿಗೆ. ಆದ್ರೆ ಓದ್ಲಿಲ್ಲ."

ಅವಳು ಆ ಸಾಲಿನ ಮೇಲೆ ಬೆರಳಾಡಿಸಿದಳು. "ಹೋದ್ರು ಅಂತ ಬರೆದಿದಾರಲ್ಲ, ಅಷ್ಟು ಸಾಕು. ಈ ಪುಟ ಮನೇಲಿಟ್ಕೋತೀನಿ. ಇನ್ನು ಬಾಗಿಲಿಗೆ ಓಡೋದು ಬೇಡ" ಎಂದಳು.

ಮರುದಿನ ಡಿವಿಷನ್ನಿನ ಪರವಾಗಿ ಕರಡು ನೋಡಲು ಬಂದ ನಿವೃತ್ತ ಕರ್ನಲ್ ಆ ಸಾಲನ್ನು ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿದರು.

"ಇರ್ಲಿ ಬಿಡಿ ಸಾರ್," ಅವಳು ಕೈಮುಗಿದಳು. "ಓಡಿಹೋದ ಅಂತಾನೇ ಇರ್ಲಿ. ನನ್ನ ಗಂಡ ಅವರು."

"ನಮ್ಮ ಡಿವಿಷನ್ನಲ್ಲಿ ಯಾರೂ ಓಡಿಹೋಗಿಲ್ಲಮ್ಮ. ಅಂಥವನನ್ನ ಯಾರೂ ಕೊಂದೂ ಇಲ್ಲ. ಕಾಣೆ ಅಂತ ಕಾಗದ ಕೊಟ್ಟಿದೀವಲ್ಲ, ಅದೇ ಸತ್ಯ."

ಹಸ್ತಪ್ರತಿಯ ಹಾಳೆಯನ್ನೂ ಕರಡನ್ನೂ ಮಡಿಚಿ ಜೇಬಿಗಿಳಿಸಿದರು. ಅವರ ಕಪಾಳಕ್ಕೆ ಬಿಗಿಯಬೇಕೆನ್ನಿಸಿತು ನನಗೆ. ಬಿಗಿಯಲಿಲ್ಲ, ಅವರಿಗೆ ಕುರ್ಚಿ ಒರೆಸಿಕೊಟ್ಟವನೂ ನಾನೇ.

ಪುಟದಲ್ಲಿ ಒಂದು ಸಾಲು ಖಾಲಿ ಬಿತ್ತಲ್ಲ, ಅದನ್ನು ತುಂಬಲು ಹೊಸ ವಾಕ್ಯ ಬರೆದುಕೊಟ್ಟು ಹೋದರು. ತಲೆಕೆಳಗು ಅಣ್ಣನ ಸಾಲನ್ನು ಬಿಚ್ಚಿ, 'ಕಹಳೆ'ಯ ಮೊಳೆಗಳನ್ನು ಮಾತ್ರ ಉಳಿಸಿಕೊಂಡು, ಮಿಕ್ಕದ್ದನ್ನು ಖಾನೆಗಳಿಗೆ ಹಾಕಿದ. ಈ ಸಲ ಓದಿಯೇ ಜೋಡಿಸಿದ. ಅತ್ತಿಗೆ ಎದುರು ಕೂತು ತನ್ನ ಕೆಲಸ ಮಾಡಿದಳು.

"ಮರುದಿನ ಬೆಳಿಗ್ಗೆ ತುಕಡಿಯಲ್ಲಿ ಎಂದಿನಂತೆ ಕಹಳೆ ಮೊಳಗಿತು, ಪೂರ್ಣವಿರಾಮ."

ತಲೆಯೆತ್ತಿದಳು. ಅವಳ ಮುಖ ಅರಳಿತ್ತು.

"ಊದೋರು ಅವರೊಬ್ಬರೇ ಅಲ್ವೇನೋ ಇದ್ದದ್ದು? ಹಾಗಾದ್ರೆ ಇದಾರೆ ಕಣೋ!"